ಏರಿನ ಕೀರ್ತಿ, ಇಳಿಜಾರಿನ ಲೆಕ್ಕ

ಮ್ಯಾರಥಾನ್ ಓಡುವವರ ಲೋಕದಲ್ಲಿ ಬಾಸ್ಟನ್ನಿನ ಹಾರ್ಟ್‌ಬ್ರೇಕ್ ಹಿಲ್‌ಗೆ ಇರುವಷ್ಟು ಹೆಸರು ಬೇರೆ ಯಾವ ಏರಿಗೂ ಇದ್ದಂತಿಲ್ಲ. ಹೆಸರಿಗೆ ತಕ್ಕ ಎತ್ತರ ಮಾತ್ರ ಅದಕ್ಕಿಲ್ಲ. ಇಪ್ಪತ್ತನೆಯ ಮೈಲಿ ದಾಟಿದ ಮೇಲೆ ಸುಮಾರು 600 ಮೀಟರ್ ದೂರದಲ್ಲಿ ರಸ್ತೆ 27 ಮೀಟರ್ ಮೇಲೇರುತ್ತದೆ, ಅಷ್ಟೆ. ನಂದಿ ಬೆಟ್ಟವನ್ನು ಓಡಿಯೇ ಹತ್ತುವ ಬೆಂಗಳೂರಿನವರು ಇದನ್ನು ಏರು ಎಂದು ಲೆಕ್ಕಕ್ಕೇ ಹಿಡಿಯಲಿಕ್ಕಿಲ್ಲ. ಆದರೂ ಬಾಸ್ಟನ್ನನ್ನು ಇಂತಿಷ್ಟು ಹೊತ್ತಿನೊಳಗೆ ಮುಗಿಸಬೇಕೆಂದು ಹೊರಟವರ ತಾಲೀಮಿನ ಪಟ್ಟಿಯಲ್ಲಿ 'ಹಿಲ್ ರಿಪೀಟ್ಸ್' ಎಂಬುದಕ್ಕೆ ಪೂಜೆಯ ಸ್ಥಾನ. ಏರು ರಸ್ತೆಯೊಂದನ್ನು ಜೋರಾಗಿ ಹತ್ತುವುದು, ನಿಧಾನವಾಗಿ ಜಾಗ್ ಮಾಡುತ್ತ ಇಳಿಯುವುದು, ಮತ್ತೆ ಹತ್ತುವುದು. ಹೀಗೆ ಎಂಟು ಹತ್ತು ಸಲ. ಈ ತಾಲೀಮಿಗೆ ಸಿಗುತ್ತಿರುವ ಮರ್ಯಾದೆ ಅದರ ಯೋಗ್ಯತೆಯನ್ನು ಮೀರಿದ್ದು.

ಲೆಕ್ಕ ಹಾಕಿಯೇ ನೋಡಬಹುದು. ಮೂರೂವರೆ ಗಂಟೆಯ ಗುರಿ ಇಟ್ಟುಕೊಂಡವರು ಕಿಲೋಮೀಟರಿಗೆ ಐದು ನಿಮಿಷಕ್ಕಿಂತ ಒಂದೆರಡು ಸೆಕೆಂಡು ಬೇಗ ಓಡಬೇಕು. ಸಮತಟ್ಟಾದ ರಸ್ತೆಯಲ್ಲಿ 600 ಮೀಟರಿಗೆ ಅವರಿಗೆ ಮೂರು ನಿಮಿಷ ಬೇಕು. ಏರಿಳಿತದ ಓಟಕ್ಕೆ ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂದು ಇಟಲಿಯ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಸೂತ್ರವನ್ನು ಹಚ್ಚಿದರೆ, ಇಷ್ಟು ಏರಿನಲ್ಲಿ ಖರ್ಚು ಕಾಲು ಪಾಲಿಗಿಂತ ತುಸು ಹೆಚ್ಚಾಗುತ್ತದೆ. ಉಸಿರು ಏರದಂತೆ ಅದೇ ಶ್ರಮದಲ್ಲಿ ಹತ್ತಿದರೆ ಕಳೆದುಕೊಳ್ಳುವುದು ಐವತ್ತು ಸೆಕೆಂಡಿನೊಳಗೆ. ಆದರೆ ಬಾಸ್ಟನ್ನಿನಲ್ಲಿ ಗುರಿ ತಪ್ಪಿದವರು ತಪ್ಪುವುದು ಐವತ್ತು ಸೆಕೆಂಡಿನಿಂದಲ್ಲ, ಹತ್ತು ಹದಿನೈದು ನಿಮಿಷಗಳಿಂದ. ಉಳಿದ ನಿಮಿಷಗಳು ಹೋದದ್ದೆಲ್ಲಿ?

ಹೋದದ್ದು ಹಾಪ್ಕಿಂಟನ್ನಿನಲ್ಲಿ, ಓಟ ಶುರುವಾದ ಮೊದಲ ಅರ್ಧ ಗಂಟೆಯಲ್ಲಿ. ಅಲ್ಲಿ ರಸ್ತೆ ಸಮುದ್ರಮಟ್ಟದಿಂದ ಸುಮಾರು 150 ಮೀಟರ್ ಎತ್ತರದಲ್ಲಿದೆ. ಓಟ ಮುಗಿಯುವ ಬಾಯ್ಲ್‌ಸ್ಟನ್ ಬೀದಿ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇದೆ. ಮೊದಲ ಮೈಲಿಯೊಂದರಲ್ಲೇ ರಸ್ತೆ 40 ಮೀಟರಿನಷ್ಟು ಇಳಿಯುತ್ತದೆ, ಮೊದಲ ನಾಲ್ಕು ಮೈಲಿಯಲ್ಲಿ 90 ಮೀಟರಿಗೂ ಹೆಚ್ಚು. ಹದಿನಾರನೆಯ ಮೈಲಿಯ ಹೊತ್ತಿಗೆ ಚಾರ್ಲ್ಸ್ ನದಿಯ ಕಡೆಗೆ ಮತ್ತೊಂದು ಕಡಿದಾದ ಇಳಿತ. ನ್ಯೂಟನ್ನಿನ ನಾಲ್ಕು ಏರುಗಳು ಶುರುವಾಗುವುದೇ ಅದಾದ ಮೇಲೆ. ಅವುಗಳಲ್ಲಿ ಕೊನೆಯದಾದ ಹಾರ್ಟ್‌ಬ್ರೇಕ್ ಹಿಲ್‌ನ ತುದಿಯಿಂದ ಬಾಸ್ಟನ್ ಕಾಲೇಜು ದಾಟಿ ಊರೊಳಗೆ ಹೋಗುವಾಗ ಪುನಃ ಇಳಿಜಾರು.

ಈ ಏರಿಗೆ ಹೆಸರು ತಂದ ಪ್ರಸಂಗವನ್ನೇ ಒಮ್ಮೆ ನಿಧಾನವಾಗಿ ಓದಬೇಕು. 1936ರ ಓಟ. ನ್ಯಾರಗ್ಯಾನ್ಸೆಟ್ ಬುಡಕಟ್ಟಿನ ಎಲಿಸನ್ 'ಟಾರ್ಜನ್' ಬ್ರೌನ್ ಮುಂದಿದ್ದ. ಹಿಂದಿನ ವರ್ಷ ಗೆದ್ದಿದ್ದ ಜಾನಿ ಕೆಲ್ಲಿ ಬೆನ್ನಟ್ಟಿ ಬಂದು ನ್ಯೂಟನ್ನಿನ ಕೊನೆಯ ಏರಿನಲ್ಲಿ ಅವನನ್ನು ಹಿಡಿದ, ಹಿಡಿದವನು ಸಮಾಧಾನ ಹೇಳುವಂತೆ ಹೆಗಲು ತಟ್ಟಿದ. ಆ ತಟ್ಟು ಬ್ರೌನ್‌ಗೆ ಚುಚ್ಚಿತು. ಅವನು ಮತ್ತೆ ಮುನ್ನುಗ್ಗಿ ಗೆದ್ದ, ಕೆಲ್ಲಿ ಐದನೆಯವನಾದ. ಬಾಸ್ಟನ್ ಗ್ಲೋಬ್ ಪತ್ರಿಕೆಯ ಜೆರ್ರಿ ನೇಸನ್ ಬರೆದದ್ದರಿಂದ ಏರಿಗೆ ಹಾರ್ಟ್‌ಬ್ರೇಕ್ ಹಿಲ್ ಎಂಬ ಹೆಸರು ಅಂಟಿಕೊಂಡಿತು. ತೊಂಬತ್ತು ವರ್ಷಗಳಿಂದ ಕ್ರೀಡಾಪುಟಗಳು ಈ ಕಥೆಯನ್ನು ಏರಿನ ಕ್ರೌರ್ಯದ ಪುರಾವೆಯೆಂದು ಹೇಳುತ್ತ ಬಂದಿವೆ. ಆದರೆ ಕಥೆಯೊಳಗೆ ಇರುವುದು ಇದರ ತದ್ವಿರುದ್ಧ. ಕೆಲ್ಲಿ ಏರಿನಲ್ಲಿ ಸೋಲಲಿಲ್ಲ. ಏರಿನಲ್ಲೇ ಎದುರಾಳಿಯನ್ನು ಹಿಡಿದ; ಅವನು ಕುಸಿದದ್ದು ಏರು ಮುಗಿದ ಮೇಲೆ, ಬಾಸ್ಟನ್ನಿನತ್ತ ಇಳಿಯುವ ದಾರಿಯಲ್ಲಿ. ಏರಿಗೆ ಚೆನ್ನಾಗಿ ಸಿದ್ಧನಾಗಿದ್ದ ಓಟಗಾರನೊಬ್ಬನ ಸೋಲನ್ನು ತೋರಿಸಿ, ಏರಿಗೆ ಇನ್ನಷ್ಟು ಸಿದ್ಧರಾಗಿ ಎಂದು ಉಪದೇಶಿಸುವುದು ವಿಚಿತ್ರ ತರ್ಕ.

1982ರ ಹೆಸರಾಂತ ಸ್ಪರ್ಧೆಯೂ ಇದನ್ನೇ ಹೇಳುತ್ತದೆ. ಆಲ್ಬರ್ಟೊ ಸಲಾಜಾರ್ ಮತ್ತು ಡಿಕ್ ಬೀರ್ಡ್ಸ್ಲಿ ನಾಲ್ಕೂ ಏರುಗಳನ್ನು ಒಟ್ಟಿಗೇ ದಾಟಿದರು. ಏರು ಅವರಿಬ್ಬರನ್ನು ಬೇರ್ಪಡಿಸಲಿಲ್ಲ. ಊರೊಳಗಿನ ಕೊನೆಯ ಮೈಲಿಯಲ್ಲಷ್ಟೇ ಸಲಾಜಾರ್ ಮುಂದೆ ಹೋದ. 2 ಗಂಟೆ 8 ನಿಮಿಷ 52 ಸೆಕೆಂಡಿಗೆ ಗೆದ್ದಾಗ ಅವನಿಗಿದ್ದ ಅಂತರ ಎರಡೇ ಸೆಕೆಂಡು.

ಇಳಿಜಾರು ಕಾಲಿಗೆ ಮಾಡುವುದೇನು? ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು, ಓಟಗಾರರ ಬಾಯಲ್ಲಿ 'ಕ್ವಾಡ್ಸ್', ಬ್ರೇಕಿನ ಕೆಲಸ ಮಾಡುತ್ತದೆ. ಭಾರ ಹೊತ್ತುಕೊಂಡೇ ಹಿಗ್ಗಬೇಕಾದ ಕೆಲಸ ಅದು. ಹೀಗೆ ಹಿಗ್ಗುವಾಗಲೇ ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟಾಗುವುದು. ಪೆಟ್ಟು ಆ ಹೊತ್ತಿಗೆ ತಿಳಿಯುವುದಿಲ್ಲ. ಉಸಿರು ಹಗುರವಾಗಿರುತ್ತದೆ, ಗಡಿಯಾರ ಒಳ್ಳೆಯ ಸುದ್ದಿಯನ್ನೇ ಕೊಡುತ್ತಿರುತ್ತದೆ. ಎರಡೂವರೆ ಗಂಟೆಯ ಮೇಲೆ ನ್ಯೂಟನ್ನಿನಲ್ಲಿ ತೊಡೆ ಕಲ್ಲಾದಾಗ ಓಟಗಾರ ಎದುರಿಗೆ ಕಾಣುವ ಏರನ್ನು ಬೈಯುತ್ತಾನೆ. ಈ ಪೆಟ್ಟಿಗೆ ಮದ್ದೂ ಇದೆ. ಒಮ್ಮೆ ಸರಿಯಾಗಿ ಇಳಿಜಾರು ಓಡಿ ಕಾಲು ನೋಯಿಸಿಕೊಂಡರೆ, ಮುಂದಿನ ಹಲವು ವಾರ ಅದೇ ಕೆಲಸ ಅಷ್ಟು ಪೆಟ್ಟು ಮಾಡುವುದಿಲ್ಲ. ವ್ಯಾಯಾಮ ವಿಜ್ಞಾನದಲ್ಲಿ ಮತ್ತೆ ಮತ್ತೆ ದೃಢಪಟ್ಟಿರುವ ಸಂಗತಿ ಇದು. ಹಿಲ್ ರಿಪೀಟ್ಸ್ ಈ ಮದ್ದನ್ನು ಕೊಡುವುದೇ ಇಲ್ಲ, ಏಕೆಂದರೆ ಅದರಲ್ಲಿ ಇಳಿಯುವುದೆಂದರೆ ವಿಶ್ರಾಂತಿ.

ಹಿಲ್ ರಿಪೀಟ್ಸ್ ಅನ್ನು ಸಂಪ್ರದಾಯದ ಹೆಸರಿನಲ್ಲಿ ಸಮರ್ಥಿಸುವವರು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್‌ನನ್ನು ಕರೆತರುತ್ತಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವನ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲೂ ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲೂ ಒಂದೇ ಮಧ್ಯಾಹ್ನ ಚಿನ್ನ ಗೆದ್ದ ಮೇಲೆ ಬೆಟ್ಟದ ತಾಲೀಮು ಲೋಕಪ್ರಸಿದ್ಧವಾಯಿತು, ನಿಜ. ಆದರೆ ಲಿಡಿಯಾರ್ಡ್ ಕಟ್ಟಿದ್ದು ಒಂದು ಪೂರ್ತಿ ಸುತ್ತು: ಏರನ್ನು ಚಿಮ್ಮುತ್ತ ಹತ್ತಬೇಕು, ತುದಿಯಲ್ಲಿ ಸ್ವಲ್ಪ ಜಾಗ್ ಮಾಡಬೇಕು, ಮೈ ಸಡಿಲ ಬಿಟ್ಟು ಉದ್ದ ಹೆಜ್ಜೆಗಳಲ್ಲಿ ವೇಗವಾಗಿ ಇಳಿಯಬೇಕು, ಬುಡದ ಸಮತಟ್ಟಿನಲ್ಲಿ ಚುಟುಕು ಜೋರೋಟ. ಇಳಿತ ಅವನಿಗೆ ಬಿಡುವಾಗಿರಲಿಲ್ಲ, ಕೆಲಸದ ಒಂದು ಭಾಗವಾಗಿತ್ತು. ಆಮೇಲೆ ಬಂದ ಪಟ್ಟಿಗಳು ಹತ್ತುವುದನ್ನು ಇಟ್ಟುಕೊಂಡು ಇಳಿಯುವುದನ್ನು ಜಾಗಿಂಗ್ ಮಾಡಿಬಿಟ್ಟವು. ಪಲ್ಲವಿಯನ್ನೇ ಹತ್ತು ಸಲ ಹಾಡಿ ಚರಣ ಬಿಟ್ಟರೂ ವಾಗ್ಗೇಯಕಾರನ ಹೆಸರು ಹೇಳುವುದನ್ನು ಮಾತ್ರ ಬಿಡಲಿಲ್ಲ.

ಲೆಕ್ಕಪ್ರಿಯರ ಜತೆಗೂ ಒಂದು ಜಗಳ ಆಡಬೇಕಿದೆ. ಓಟದ ಆ್ಯಪ್‌ಗಳಲ್ಲಿ ಈಗ 'ಗ್ರೇಡ್ ಅಡ್ಜಸ್ಟೆಡ್ ಪೇಸ್' ಎಂಬ ಅಂಕಿ ಬರುತ್ತದೆ: ಇಳಿಜಾರಿನ ವೇಗ ಸಮತಟ್ಟಿನ ಯಾವ ವೇಗಕ್ಕೆ ಸಮ ಎಂಬ ಲೆಕ್ಕ. ಅದನ್ನು ನಂಬಿದವರು ಹಾಪ್ಕಿಂಟನ್ನಿನಲ್ಲಿ ಕಿಲೋಮೀಟರಿಗೆ ನಾಲ್ಕೂವರೆ ನಿಮಿಷದ ವೇಗದಲ್ಲಿ ಓಡಿ, ಇದು ತಮ್ಮ ಐದು ನಿಮಿಷದ ಶ್ರಮವೇ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಇಂಥ ಲೆಕ್ಕಗಳ ಹಿಂದಿನ ಮಿನೆಟ್ಟಿ ಅಳೆದದ್ದು ಟ್ರೆಡ್‌ಮಿಲ್ ಮೇಲೆ ಪಳಗಿದ ಪರ್ವತ ಓಟಗಾರರು ಬಳಸಿದ ಆಮ್ಲಜನಕವನ್ನು. ತೊಡೆಗೆ ಬೀಳುವ ಪೆಟ್ಟು ಆ ಅಳತೆಯಲ್ಲಿ ಇರಲೇ ಇಲ್ಲ. ಇದೆ ಎಂದು ಅವರು ಹೇಳಿಯೂ ಇಲ್ಲ. ಏರಿನ ಸೆಕೆಂಡುಗಳನ್ನು ಅಂದಾಜು ಮಾಡಲು ಒಳ್ಳೆಯದಾದ ಸೂತ್ರವನ್ನು ಇಳಿಜಾರಿನ ಪರವಾನಗಿ ಮಾಡಿಕೊಂಡದ್ದು ಬಳಸಿದವರ ತಪ್ಪು.

ಇಳಿಜಾರೆಂದರೆ ಪುಕ್ಕಟೆ ಲಾಭ ಎಂಬ ನಂಬಿಕೆ ನಿಯಮಗಳಲ್ಲೂ ಕೂತಿದೆ. 2011ರಲ್ಲಿ ಬಾಸ್ಟನ್ನಿನಲ್ಲಿ ಜೆಫ್ರಿ ಮುಟಾಯ್ 2:03:02ಕ್ಕೆ ಓಡಿದಾಗ ಅದು ಅಲ್ಲಿಯವರೆಗಿನ ಯಾವ ಮ್ಯಾರಥಾನಿಗಿಂತಲೂ ವೇಗದ್ದು. ಆದರೂ ವಿಶ್ವದಾಖಲೆ ಆಗಲಿಲ್ಲ. ಕಿಲೋಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಇಳಿಯುವ ರಸ್ತೆಗೆ ದಾಖಲೆಯ ಮಾನ್ಯತೆ ಇಲ್ಲ, ಬಾಸ್ಟನ್ ಮೂರು ಮೀಟರಿಗೂ ಹೆಚ್ಚು ಇಳಿಯುತ್ತದೆ. ಆ ದಿನ ಬೆನ್ನಿಗೆ ಗಾಳಿಯೂ ಇತ್ತೆನ್ನುವುದು ಬೇರೆ ಮಾತು. ಇದರ ಮೇಲೊಂದು ತಮಾಷೆ: ಪ್ರವೇಶದ ಅರ್ಹತೆಗಾಗಿ ಓಡುವ ರಸ್ತೆ 1500 ಅಡಿ ಅಥವಾ ಅದಕ್ಕಿಂತ ಹೆಚ್ಚು ಇಳಿಯುವಂತಿದ್ದರೆ ಓಟಗಾರನ ಸಮಯಕ್ಕೆ ಐದು ನಿಮಿಷ ಕೂಡಿಸಲಾಗುವುದು, 3000 ಅಡಿಯಿಂದ ಹತ್ತು ನಿಮಿಷ ಎಂದು ಬಾಸ್ಟನ್ನಿನ ಸಂಘಟಕರೇ 2027ರ ಓಟದಿಂದ ನಿಯಮ ಮಾಡಿದ್ದಾರೆ. ಅಷ್ಟು ಕಡಿದಾದ ಇಳಿತದಲ್ಲಿ ತರಬೇತಾದ ಕಾಲಿಗೆ ಲಾಭ ಇರುವುದು ಹೌದು. ಆದರೆ ದಾಖಲೆಯವರು ಇಳಿಜಾರೆನ್ನುವ, ಓಟಗಾರರು ಏರೆನ್ನುವ ಈ ರಸ್ತೆಯಲ್ಲಿ ಇಳಿತಕ್ಕೂ ತಾಲೀಮು ಬೇಕೆಂಬ ಮಾತು ಇಬ್ಬರ ಬಾಯಲ್ಲೂ ಅಪರೂಪ.

ಹಿಲ್ ರಿಪೀಟ್ಸ್‌ನಿಂದ ಏನೂ ಪ್ರಯೋಜನವಿಲ್ಲ ಎಂದಲ್ಲ. ಎದೆಯ ಶಕ್ತಿ ಬೆಳೆಯುತ್ತದೆ, ಕಾಲು ಗಟ್ಟಿಯಾಗುತ್ತದೆ, ಹೆಜ್ಜೆಯ ಹೊಡೆತ ಕಡಿಮೆಯಾದ್ದರಿಂದ ಗಾಯದ ಭಯವೂ ಕಡಿಮೆ. ಅಷ್ಟು ಸಾಕು ಅದಕ್ಕೆ. ಬೆಂಗಳೂರಿನಿಂದ ಬಾಸ್ಟನ್ನಿಗೆ ಹೊರಡುವವರಲ್ಲಿ ನಂದಿಗೆ ಹೋಗಿ ಮೇಲಿನವರೆಗೆ ಓಡಿ, ಕಾರಿನಲ್ಲಿ ಇಳಿದು ಬರುವವರಿದ್ದಾರೆ. ಬಾಸ್ಟನ್ನಿಗೆ ಬೇಕಾದ ಭಾಗವನ್ನೇ ಅವರು ಕಾರಿಗೆ ಒಪ್ಪಿಸಿಬಿಡುತ್ತಾರೆ. ಹಾಗೆಂದು ನಂದಿಯ ತಿರುವುಗಳಲ್ಲಿ ಓಡಿ ಇಳಿಯಬೇಕೆಂದೂ ಇಲ್ಲ. ಅದು ಬಾಸ್ಟನ್ನಿಗಿಂತ ತೀರ ಕಡಿದು, ಮಂಡಿಗೆ ಅಪಾಯ. ಹಾಪ್ಕಿಂಟನ್ನಿನ ಮೊದಲ ಮೈಲಿ ನೂರಕ್ಕೆ ಎರಡೂವರೆಯಷ್ಟು ಇಳಿಯುತ್ತದೆ. ಆ ಬಗೆಯ ಮೆಲು ಇಳಿಜಾರು ಮಲ್ಲೇಶ್ವರದ ಏರಿಳಿತದ ರಸ್ತೆಗಳಲ್ಲೇ ಸಿಗುತ್ತದೆ, ಬೆಳಗಿನ ಐದು ಗಂಟೆಗೆ ವಾಹನಗಳ ಕಾಟವೂ ಇರುವುದಿಲ್ಲ. ಓಟಕ್ಕೆ ಎರಡು ಮೂರು ತಿಂಗಳು ಇರುವಾಗ ಶುರುಮಾಡಿ, ಹತ್ತು ದಿನಕ್ಕೊಮ್ಮೆ, ಗುರಿಯ ವೇಗದಲ್ಲೇ, ಚಿಕ್ಕ ಹೆಜ್ಜೆಗಳಲ್ಲಿ ಇಳಿಯುವುದು. ಕೊನೆಯ ಎರಡು ವಾರ ಬಿಟ್ಟುಬಿಡುವುದು. ತಾಲೀಮಿನ ಪಟ್ಟಿ ಬರೆದುಕೊಡುವ ಕೋಚ್‌ಗಳು ಮೊದಲು ಮಾಡಬೇಕಾದದ್ದು, ಹಿಲ್ ರಿಪೀಟ್ಸ್ ಸಾಲಿನ ಕೊನೆಯಲ್ಲಿ 'ನಿಧಾನ ಜಾಗ್ ಮಾಡುತ್ತ ಇಳಿಯಿರಿ' ಎಂದಿರುವುದನ್ನು ಹೊಡೆದುಹಾಕಿ ಅಲ್ಲೊಂದು ವೇಗ ಬರೆಯುವುದು.