ಕೃತ, ಕಾರಿತ, ಅನುಮೋದಿತ: ‘ಆಫ್ಟರ್ ದ ಟೆರರ್’ ಗ್ರಂಥದ ವಿಮರ್ಶೆ

ಟೆಡ್ ಹಾಂಡರಿಕ್ ಅವರ ‘ಆಫ್ಟರ್ ದ ಟೆರರ್’ ಗ್ರಂಥವು 2002ರಲ್ಲಿ ಪ್ರಕಟವಾದಾಗ ಪಾಶ್ಚಾತ್ಯ ವಿದ್ವದ್ವಲಯದಲ್ಲಿ ತೀವ್ರ ವಿವಾದವೆದ್ದಿತು. ಕೆನಡಾದಲ್ಲಿ ಜನಿಸಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 2024ರಲ್ಲಿ ನಿಧನರಾದರು. ಅವರೆತ್ತಿದ ಪ್ರಶ್ನೆ ಮಾತ್ರ ಉಳಿದಿದೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಾವು ಅದನ್ನು ಪರೀಕ್ಷಿಸದೆ ಬಿಡುವುದು ಉಚಿತವಲ್ಲ.

2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಸುಮಾರು 3000 ಮಂದಿ ಹತರಾದರು. ಅದು ತಪ್ಪೆಂದು ಹಾಂಡರಿಕ್ ಸ್ಪಷ್ಟವಾಗಿಯೇ ಹೇಳುತ್ತಾರೆ. ಆದರೆ ಅವರ ವಿಚಾರ ಮೊದಲಾಗುವುದು ಮನುಷ್ಯರ ಆಯುಷ್ಯದ ಲೆಕ್ಕದಿಂದ. ಶ್ರೀಮಂತ ದೇಶಗಳಲ್ಲಿ ಜನರು ಸರಾಸರಿ 75 ವರ್ಷಕ್ಕೂ ಮೇಲೆ ಬಾಳುತ್ತಿದ್ದಾಗ, ಆಫ್ರಿಕಾದ ಕೆಲವು ಬಡ ದೇಶಗಳಲ್ಲಿ ಅಂದಿನ ಸರಾಸರಿ ಆಯುಷ್ಯ 40ರ ಆಸುಪಾಸಿನಲ್ಲಿತ್ತು. ನೀಡಬಹುದಾಗಿದ್ದ ನೆರವನ್ನು ನೀಡದವರೂ ಈ ನಷ್ಟಕ್ಕೆ ಹೊಣೆಗಾರರು. ಅಂತಹ ಲೋಕವನ್ನು ಉಳಿಸಿಕೊಂಡು ಬಂದವರು ಆ ದಿನದ ದುರಂತದಲ್ಲೂ ತಮ್ಮ ಪಾಲನ್ನು ಒಪ್ಪಿಕೊಳ್ಳಬೇಕು ಎಂಬುದು ಅವರ ವಾದ.

ಇಷ್ಟರಮಟ್ಟಿಗೆ ಈ ವಾದವು ಜೈನ ಓದುಗನಿಗೆ ಅಪರಿಚಿತವಲ್ಲ. ನಮ್ಮ ಜಪಮಾಲೆಯ 108 ಮಣಿಗಳಿಗೆ ಹೇಳುವ ಒಂದು ಅರ್ಥವನ್ನು ನೆನೆಯಬಹುದು. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು. ಮನ, ವಚನ, ಕಾಯಗಳೆಂಬ ಮೂರು. ಕೃತ, ಕಾರಿತ, ಅನುಮೋದಿತಗಳೆಂಬ ಮೂರು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ ಪಾಪಾಸ್ರವದ ದ್ವಾರಗಳು 108 ಆಗುತ್ತವೆ. ಕೈಯಾರೆ ಕೊಂದವನು ಮಾತ್ರ ದೋಷಿಯೆಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ಲೋಭದಿಂದ ಮನಸ್ಸಿನಲ್ಲಿ ಸಮ್ಮತಿಸಿದವನಿಗೂ ಒಂದು ಮಣಿಯುಂಟು.

ಆದರೆ ಹಾಂಡರಿಕ್ ಇಲ್ಲಿಗೆ ನಿಲ್ಲುವುದಿಲ್ಲ. ದುಃಖಮಯ ಬದುಕಿನಿಂದ ಜನರನ್ನು ಪಾರುಮಾಡುವುದೇ ನೀತಿಯ ತಿರುಳೆಂದು ಹೇಳಿ, ಆ ಫಲಕ್ಕೆ ನೆರವಾಗುವುದೋ ಇಲ್ಲವೋ ಎಂಬುದರಿಂದ ಹಿಂಸೆಯನ್ನು ಅಳೆಯುತ್ತಾರೆ. ಸೆಪ್ಟೆಂಬರ್ 11ರ ಕೃತ್ಯ ಈ ಅಳತೆಯಲ್ಲಿ ತಪ್ಪಾಗುತ್ತದೆ. ಪ್ಯಾಲೆಸ್ಟೈನಿಯರಿಗೆ ಮಾತ್ರ ತಮ್ಮ ಭಯೋತ್ಪಾದನೆಯ ನೈತಿಕ ಹಕ್ಕುಂಟೆಂದು ಅವರು ಪ್ರತಿಪಾದಿಸುತ್ತಾರೆ. ಗ್ರಂಥದ ದೊಡ್ಡ ದೋಷವಿರುವುದು ಇಲ್ಲಿಯೇ. ಒಂದು ಜನಾಂಗದ ಸಂಕಟ ಸತ್ಯವಾದುದರಿಂದ ಬಸ್ಸಿನಲ್ಲಿ ಕುಳಿತ ಮಗುವನ್ನು ಕೊಲ್ಲುವ ಹಕ್ಕು ಹುಟ್ಟುವುದಿಲ್ಲ. ನಮ್ಮ ಶಾಸ್ತ್ರವು ಗೃಹಸ್ಥನಿಗೆ ಅನಿವಾರ್ಯವೆಂದು ಸಹಿಸುವ ವಿರೋಧೀ ಹಿಂಸೆಯು ಮೇಲೆ ಬಿದ್ದ ಆಕ್ರಮಣಕಾರನನ್ನು ತಡೆಯುವುದಕ್ಕಷ್ಟೇ ಸೀಮಿತ. ನಿರಪರಾಧಿಯನ್ನು ಉದ್ದೇಶಪೂರ್ವಕವಾಗಿ ಕೊಲ್ಲುವುದು ಸಂಕಲ್ಪೀ ಹಿಂಸೆ. ಅದನ್ನು ಶ್ರಾವಕನೂ ತ್ಯಜಿಸಲೇಬೇಕು.

ಹೊಣೆಯನ್ನು ಹಂಚಿಕೊಳ್ಳುವುದೆಂದರೆ ಆಸ್ತಿಯನ್ನು ಪಾಲು ಮಾಡಿದಂತಲ್ಲ. ಪಾಲುದಾರರು ಹೆಚ್ಚಿದಷ್ಟೂ ಒಬ್ಬೊಬ್ಬರ ಭಾಗ ಕಡಿಮೆಯಾಗುವುದು ಆಸ್ತಿಯಲ್ಲಿ, ಕರ್ಮದಲ್ಲಿ ಹಾಗಲ್ಲ. ಸಿರಿವಂತನ ಲೋಭ ಕೊಲೆಗಾರನ ಕ್ರೋಧವನ್ನು ತೊಳೆಯದು. ಕೊಲೆಗಾರನ ಕ್ರೌರ್ಯ ಸಿರಿವಂತನ ಲೋಭವನ್ನು ಮರೆಸದು. ಹಾಂಡರಿಕ್ ಮೊದಲನೆಯ ಮಾತನ್ನು ಮರೆತರು. ಅವರನ್ನು ಖಂಡಿಸಿದವರಲ್ಲಿ ಅನೇಕರು ಎರಡನೆಯದನ್ನು ಮರೆತರು.

ಗ್ರಂಥದ ಗೌರವಧನದಿಂದ 5000 ಪೌಂಡುಗಳನ್ನು ಹಾಂಡರಿಕ್ ಆಕ್ಸ್‌ಫ್ಯಾಮ್ ಸಂಸ್ಥೆಗೆ ದಾನವಾಗಿ ನೀಡಲು ಮುಂದಾಗಿದ್ದರು. ವಿವಾದವೆದ್ದ ಮೇಲೆ 2002ರಲ್ಲಿ ಸಂಸ್ಥೆ ಅದನ್ನು ನಿರಾಕರಿಸಿತು. ಹಸಿದವರಿಗೆ ಸಲ್ಲಬೇಕಾದ ಹಣ ಹೀಗೆ ಹಿಂದಿರುಗಿದ್ದು ಸರಿಯೇ ಎಂಬ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ದಾನದ ಮೂಲವನ್ನು ವಿಚಾರಿಸಬೇಕೆಂಬ ತತ್ತ್ವವಂತೂ ನಮ್ಮದೇ. ಶ್ರಾವಕನ ದ್ರವ್ಯ ನ್ಯಾಯೋಪಾರ್ಜಿತವಾಗಿರಬೇಕೆಂದು ನಮ್ಮ ಆಚಾರ್ಯರು ವಿಧಿಸಿದ್ದಾರೆ. ಪಂಚಕಲ್ಯಾಣಕ್ಕೋ ಜೀರ್ಣೋದ್ಧಾರಕ್ಕೋ ದೊಡ್ಡ ಮೊತ್ತ ಬಂದಾಗ, ಆ ಹಣದ ಹಿಂದೆ ಯಾರ ಕೂಲಿ ಉಳಿದಿದೆ, ಯಾರ ನೀರು ಕೆಟ್ಟಿದೆ ಎಂದು ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಎಷ್ಟು ಬಾರಿ ಕೇಳಿವೆ?

ಭಯೋತ್ಪಾದನೆಯನ್ನು ಖಂಡಿಸುವುದು ನಮಗೆ ಸುಲಭ. ಪರಿಗ್ರಹ ಪರಿಮಾಣ ವ್ರತವನ್ನು ಲೆಕ್ಕವಿಟ್ಟು ಪಾಲಿಸುವುದು ಕಠಿಣ. ಹಾಂಡರಿಕ್ ಅವರ ತೀರ್ಮಾನವನ್ನು ನಾವು ನಿಸ್ಸಂಶಯವಾಗಿ ತಿರಸ್ಕರಿಸಬೇಕು. ಅವರ ಪ್ರಶ್ನೆಯನ್ನು ಮಾತ್ರ ಮನೆಗೆ ಒಯ್ದು, ಜಪಕ್ಕೆ ಕುಳಿತಾಗ ನೆನೆಯಬೇಕು.