ವೇಗಪರೀಕ್ಷೆಯ ಪ್ರಾಮಾಣ್ಯ

ಬೆಂಗಳೂರಿನ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಮನೆ ಬದಲಿಸುವವರು ಇಂಟರ್‌ನೆಟ್ ಕಂಪನಿಯನ್ನು ಆರಿಸುವ ಕ್ರಮ ಈಗ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿದೆ. ಹೊಸ ಪ್ರದೇಶದಲ್ಲಿ ಯಾರು ಯಾರು ಸಂಪರ್ಕ ಕೊಡುತ್ತಾರೆಂದು ತಿಳಿದುಕೊಂಡು, ಅವರ ಪ್ಲಾನ್‌ಗಳನ್ನು ಎಂಬಿಪಿಎಸ್ ಲೆಕ್ಕದಲ್ಲಿ, ಎಂದರೆ ಒಂದು ಸೆಕೆಂಡಿಗೆ ಎಷ್ಟು ದಶಲಕ್ಷ ಬಿಟ್ ಮಾಹಿತಿ ಸಾಗಬಲ್ಲದೆಂಬ ಲೆಕ್ಕದಲ್ಲಿ ಹೋಲಿಸಿ, ಕಡಿಮೆ ಹಣಕ್ಕೆ ಹೆಚ್ಚಿನ ಅಂಕಿ ತೋರಿಸುವುದನ್ನು ಒಪ್ಪಿಕೊಂಡು, ಕನೆಕ್ಷನ್ ಬಂದ ದಿನ ಸ್ಪೀಡ್ ಟೆಸ್ಟ್ ನಡೆಸಿ ಖಾತ್ರಿಪಡಿಸಿಕೊಳ್ಳುವುದು ಆ ಕ್ರಮ. ಪತ್ರಿಕೆಗಳ ತಂತ್ರಜ್ಞಾನ ಅಂಕಣಗಳೂ ಬೋಧಿಸುವುದು ಇದನ್ನೇ. ಇದಕ್ಕೆ ದೊರೆತಿರುವ ಮನ್ನಣೆ ಇದರ ಯೋಗ್ಯತೆಯನ್ನು ಬಹಳವಾಗಿ ಮೀರಿದೆ. ಮನೆಯ ಸಂಪರ್ಕದ ಗುಣವನ್ನು ನಿರ್ಧರಿಸುವ ಸಂಗತಿಗಳಲ್ಲಿ ಮುಖ್ಯವಾದವು ಈ ಪರೀಕ್ಷೆಯ ಕಣ್ಣಿಗೆ ಬೀಳುವುದೇ ಇಲ್ಲ.

ವೇಗದ ಅಂಕಿಗೆ ಒಂದು ಕಾಲದಲ್ಲಿ ನಿಜವಾದ ಬೆಲೆಯಿತ್ತೆಂಬುದನ್ನು ಒಪ್ಪಬೇಕು. 2004ರ ರಾಷ್ಟ್ರೀಯ ನೀತಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 256 ಕೆಬಿಪಿಎಸ್ ಸಾಕೆಂದಿತ್ತು; ಆ ಕನಿಷ್ಠ ಮಿತಿ 2 ಎಂಬಿಪಿಎಸ್‌ಗೆ ಏರಿದ್ದು 2023ರಲ್ಲಿ. ದೂರವಾಣಿಯ ತಾಮ್ರದ ತಂತಿಯ ಮೇಲೆ ಸಂಪರ್ಕ ಬರುತ್ತಿದ್ದಾಗ ಒಂದು ಕಂಪನಿಗೂ ಇನ್ನೊಂದಕ್ಕೂ ಇದ್ದ ಅಂತರ ವೀಡಿಯೊ ನೋಡಬಹುದೇ ಇಲ್ಲವೇ ಎಂಬ ಅಂತರವೇ ಆಗಿತ್ತು. ಈಗ ಫೈಬರ್ ಸಂಪರ್ಕಗಳ ತೀರ ಕೆಳಗಿನ ಪ್ಲಾನ್‌ಗಳೂ 30, 40 ಎಂಬಿಪಿಎಸ್ ಕೊಡುತ್ತವೆ. ಅತಿ ಸ್ಪಷ್ಟವಾದ 4ಕೆ ಚಿತ್ರಕ್ಕೂ ನೆಟ್‌ಫ್ಲಿಕ್ಸ್ ಕೇಳುವುದು 15 ಮಾತ್ರ. ಕೊರತೆಯ ಕಾಲದಲ್ಲಿ ಹುಟ್ಟಿದ ಅಳತೆಗೋಲು ಸಮೃದ್ಧಿಯ ಕಾಲದಲ್ಲೂ ಅದೇ ಅಧಿಕಾರದಿಂದ ಮುಂದುವರಿಯುತ್ತಿರುವುದು ಇಲ್ಲಿನ ಮೂಲ ದೋಷ.

ಆ ಅಳತೆಗೋಲು ಹೇಗೆ ಕೆಲಸ ಮಾಡುತ್ತದೆಂಬುದನ್ನು ಸಾವಧಾನವಾಗಿ ನೋಡಬೇಕು. ಹೆಚ್ಚು ಬಳಕೆಯಲ್ಲಿರುವ ಊಕ್ಲಾದ ಸ್ಪೀಡ್ ಟೆಸ್ಟ್ ಮೊದಲು ಬಳಕೆದಾರರಿಗೆ ಹತ್ತಿರದ, ಬೇಗ ಉತ್ತರಿಸುವ ಒಂದು ಸರ್ವರ್ ಅನ್ನು ಹುಡುಕುತ್ತದೆ. ಇಂಥ ಸರ್ವರ್‌ಗಳಲ್ಲಿ ಬಹಳಷ್ಟನ್ನು ಇಂಟರ್‌ನೆಟ್ ಕಂಪನಿಗಳೇ ತಮ್ಮ ಜಾಲದೊಳಗೆ ಇರಿಸಿಕೊಂಡಿರುವುದರಿಂದ, ಪರೀಕ್ಷೆಯ ಮಾಹಿತಿ ಅನೇಕ ಬಾರಿ ಕಂಪನಿಯ ಅಂಗಳ ದಾಟುವುದೇ ಇಲ್ಲ. ಕಚೇರಿಯ ಸರ್ವರ್ ಮುಂಬೈಯಲ್ಲೋ ಸಿಂಗಪುರದಲ್ಲೋ ಇದ್ದರೆ ಆ ದಾರಿಯ ಸ್ಥಿತಿ ಹೇಗಿದೆಯೆಂದು ಈ ಅಂಕಿ ಏನನ್ನೂ ಹೇಳಲಾರದು. ಮೇಲಾಗಿ ಪರೀಕ್ಷೆ ಒಂದೇ ಹೊತ್ತಿಗೆ ಹಲವು ಸಮಾನಾಂತರ ಹರಿವುಗಳನ್ನು ತೆರೆದು ಕೊಳವೆಯನ್ನು ತುಂಬಿಸಿ, ಕೆಲವೇ ಸೆಕೆಂಡುಗಳಲ್ಲಿ ಗರಿಷ್ಠ ಸಾಮರ್ಥ್ಯವನ್ನು ಅಳೆಯುತ್ತದೆ. ಮನೆಯ ದಿನನಿತ್ಯದ ಬಳಕೆಯ ಸ್ವರೂಪವೇ ಬೇರೆ: ವೀಡಿಯೊ ಕರೆಗೆ ಬೇಕಾದದ್ದು ಎರಡು ಮೂರು ಎಂಬಿಪಿಎಸ್‌ನ ತೆಳುವಾದ, ಆದರೆ ಎಲ್ಲೂ ತುಂಡಾಗದ ಹರಿವು.

ಇದಕ್ಕಿಂತ ಗಂಭೀರವಾದದ್ದು ಲೇಟೆನ್ಸಿಯ ವಿಷಯ. ಕಳುಹಿಸಿದ ಮಾಹಿತಿ ಗುರಿ ಮುಟ್ಟಿ ಉತ್ತರ ಮರಳಲು ಹಿಡಿಯುವ ಮಿಲಿಸೆಕೆಂಡುಗಳಿಗೆ ಆ ಹೆಸರು. ಮನೆಯಲ್ಲಿ ಒಬ್ಬರು ದೊಡ್ಡ ಕಡತವನ್ನು ಅಪ್‌ಲೋಡ್ ಮಾಡುತ್ತಿರುವಾಗ ರೂಟರ್‌ನಲ್ಲಿ ಮಾಹಿತಿಯ ಸಾಲು ಉದ್ದವಾಗುತ್ತದೆ. ಪಕ್ಕದ ಕೋಣೆಯಲ್ಲಿ ಕರೆಯಲ್ಲಿರುವವರ ಮಾತು ಅದೇ ಸಾಲಿನ ಕೊನೆಯಲ್ಲಿ ನಿಂತು, ತಡವಾಗಿ, ತುಂಡು ತುಂಡಾಗಿ ತಲುಪುತ್ತದೆ. 300 ಎಂಬಿಪಿಎಸ್ ಸಂಪರ್ಕದಲ್ಲೂ ಹೀಗಾಗಬಹುದು, 50ರ ಸಂಪರ್ಕದಲ್ಲಿ ಆಗದೆಯೂ ಇರಬಹುದು. ಜಾಲ ತುಂಬಿರುವಾಗಿನ ಲೇಟೆನ್ಸಿಯನ್ನು ಊಕ್ಲಾ ಈಚಿನ ವರ್ಷಗಳಲ್ಲಿ ಅದೇ ಪರದೆಯ ಮೇಲೆ ಸಣ್ಣ ಅಕ್ಷರದಲ್ಲಿ ತೋರಿಸುತ್ತಿದೆಯಾದರೂ ಹಂಚಿಕೊಳ್ಳುವವರು ಹಂಚಿಕೊಳ್ಳುವುದು ದೊಡ್ಡ ಅಂಕಿಯನ್ನೇ. ಟ್ರಾಯ್, ಎಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದ ಗುಣಮಟ್ಟದ ನಿಯಮಗಳು ಲೇಟೆನ್ಸಿಯನ್ನೂ, ದಾರಿಯಲ್ಲಿ ಕಳೆದುಹೋಗುವ ಮಾಹಿತಿಯ ಪ್ರಮಾಣವನ್ನೂ, ದೋಷ ದುರಸ್ತಿಗೆ ಹಿಡಿಯುವ ಸಮಯವನ್ನೂ ಮಾನದಂಡವಾಗಿ ಪರಿಗಣಿಸಿವೆ. ನಿಯಂತ್ರಕರಿಗೆ ಕಂಡ ಸತ್ಯ ಅಂಕಣಗಳಿಗೆ ಇನ್ನೂ ಕಂಡಿಲ್ಲ.

ಪರೀಕ್ಷೆ ನಡೆಯುವ ಹೊತ್ತೂ ಮುಖ್ಯ. ಮನೆಗಳಿಗೆ ಬರುವ ಫೈಬರ್ ಬಹುಪಾಲು ಜಿಪಾನ್ ಎಂಬ ವ್ಯವಸ್ಥೆಯದು. ಕಂಪನಿಯ ಒಎಲ್‌ಟಿ ಯಂತ್ರದಿಂದ ಹೊರಟ ಒಂದು ಗಾಜಿನ ಎಳೆ, ಸ್ಪ್ಲಿಟರ್ ಎಂಬ, ವಿದ್ಯುತ್ ಬೇಡದ ಪುಟ್ಟ ಸಾಧನದಲ್ಲಿ ಸಾಮಾನ್ಯವಾಗಿ 32 ಅಥವಾ 64 ಕವಲುಗಳಾಗಿ ಮನೆಗಳನ್ನು ಸೇರುತ್ತದೆ. ಆ ಎಳೆಯ ಒಟ್ಟು ಇಳಿಮುಖ ಸಾಮರ್ಥ್ಯ ಸುಮಾರು 2,488 ಎಂಬಿಪಿಎಸ್. 300ರ ಪ್ಲಾನ್ ಪಡೆದ ಎಂಟು ಮನೆಗಳು ಒಂದೇ ಹೊತ್ತಿಗೆ ತಮ್ಮ ಪೂರ್ಣ ಪಾಲನ್ನು ಕೇಳಿದರೆ ಅದು ಹೆಚ್ಚುಕಡಿಮೆ ಮುಗಿಯುತ್ತದೆ. 64 ಮನೆಗಳಿಗೆ ಸಮವಾಗಿ ಹಂಚಿದರೆ ತಲಾ 39 ಬರುತ್ತದೆ. ಎಲ್ಲರೂ ಒಟ್ಟಿಗೆ ಕೇಳುವುದಿಲ್ಲವೆಂಬ ನಂಬಿಕೆಯ ಮೇಲೆ ಈ ವ್ಯವಸ್ಥೆ ನಿಂತಿದೆ, ಆ ನಂಬಿಕೆ ಸಾಮಾನ್ಯವಾಗಿ ಸುಳ್ಳಾಗುವುದೂ ಇಲ್ಲ. ಆದರೆ ಒಎಲ್‌ಟಿಯಿಂದ ಆಚೆಗೆ ಆ ಪ್ರದೇಶಕ್ಕೆ ಎಷ್ಟು ಸಾಮರ್ಥ್ಯವನ್ನು ಕಾದಿರಿಸಲಾಗಿದೆಯೆಂಬುದು ಕಂಪನಿಯಿಂದ ಕಂಪನಿಗೆ, ಬೀದಿಯಿಂದ ಬೀದಿಗೆ ಬದಲಾಗುತ್ತದೆ, ಮತ್ತು ಅದು ಬಯಲಾಗುವುದು ರಾತ್ರಿ ಎಂಟರಿಂದ ಹನ್ನೊಂದರ ನಡುವೆ. ಕನೆಕ್ಷನ್ ಕೊಡಲು ಬಂದ ಹುಡುಗ ಮಧ್ಯಾಹ್ನ ಹನ್ನೆರಡಕ್ಕೆ ತೋರಿಸುವ ಅಂಕಿ ಆ ಹೊತ್ತಿನ ಸ್ಥಿತಿಗೆ ಸಾಕ್ಷಿಯಾಗದು.

ಇನ್ನು ಇದೇ ವಿಷಯದ ಮೇಲೆ ತೀರ್ಪು ಕೊಡುವ ಇತರ ವಿಮರ್ಶಕರು. ನಗರವಾರು ಸರಾಸರಿ ವೇಗದ ಮೇಲೆ ಕಂಪನಿಗಳಿಗೆ ಒಂದು, ಎರಡು, ಮೂರು ಎಂದು ಸ್ಥಾನ ಹಂಚುವವರ ವಿಧಾನವನ್ನು ಒಪ್ಪಲಾಗದು. ಮಲ್ಲೇಶ್ವರದ ಹಳೆಯ ಬೀದಿಗೂ ಸರ್ಜಾಪುರ ರಸ್ತೆಯ ಹೊಸ ಬಡಾವಣೆಗೂ ಒಂದೇ ಸರಾಸರಿ ಕೊಟ್ಟರೆ ಅದು ಎರಡು ಕಡೆಯವರಿಗೂ ಉಪಯೋಗಕ್ಕೆ ಬಾರದು, ಏಕೆಂದರೆ ಮನೆ ಬದಲಿಸುವವರು ನಗರದಲ್ಲಿ ವಾಸಿಸುವುದಿಲ್ಲ, ಒಂದು ಬೀದಿಯಲ್ಲಿ ವಾಸಿಸುತ್ತಾರೆ. ಇದಕ್ಕೆ ಪ್ರತಿಯಾಗಿ ಪಕ್ಕದ ಮನೆಯವರನ್ನು ಕೇಳಿದರೆ ಸಾಕೆನ್ನುವವರ ಮಾತು ಹೆಚ್ಚು ವಿವೇಕದ್ದಾದರೂ ಅಪೂರ್ಣ: ಪಕ್ಕದ ಮನೆ ಬೇರೆ ಸ್ಪ್ಲಿಟರ್‌ನ ಕವಲಾಗಿರಬಹುದು, ಅಪಾರ್ಟ್‌ಮೆಂಟ್ ಆಗಿದ್ದರೆ ಒಂದೇ ಕಂಪನಿಗೆ ಒಳಬರಲು ಅವಕಾಶವಿದ್ದು ನೆರೆಯವರಿಗೆ ಹೋಲಿಸಲು ಬೇರೇನೂ ಸಿಕ್ಕಿರದಿರಬಹುದು. ಮೂರನೆಯ ಪಂಗಡ 2023ರಲ್ಲಿ ಬಂದ ಏರ್‌ಫೈಬರ್ ಸೇವೆಗಳನ್ನು, ಎಂದರೆ 5ಜಿ ಗೋಪುರದಿಂದ ನೇರವಾಗಿ ಮನೆಗೆ ತರಂಗದ ಮೂಲಕ ಬರುವ ಸಂಪರ್ಕಗಳನ್ನು, ಕೇಬಲ್‌ನ ಎಲ್ಲ ತೊಂದರೆಗಳಿಗೆ ಪರಿಹಾರವೆಂದು ಸಾರುತ್ತದೆ. ಫೈಬರ್ ಇನ್ನೂ ಮುಟ್ಟದ ಹೊಸ ಬಡಾವಣೆಗಳಿಗೆ ಅದು ನಿಜವಾದ ಉಪಕಾರ. ಆದರೆ ಆ ತರಂಗವನ್ನು ಸುತ್ತಲಿನ ಮೊಬೈಲ್‌ಗಳೂ ಹಂಚಿಕೊಳ್ಳುತ್ತವೆ, ಎದುರಿಗೆ ನಾಲ್ಕು ಮಹಡಿಯ ಕಟ್ಟಡ ಎದ್ದರೆ ಸಂಕೇತ ಕುಗ್ಗುತ್ತದೆ; ಫೈಬರ್ ಇರುವ ಕಡೆ ಅದನ್ನು ಬಿಟ್ಟು ಇದನ್ನು ಆರಿಸಲು ಕಾರಣವಿಲ್ಲ. ಈ ಮೂವರೂ ಸಂಪರ್ಕವನ್ನು ಕೊಂಡುಕೊಳ್ಳುವ ದಿನದ ದೃಷ್ಟಿಯಿಂದ ನೋಡುತ್ತಾರೆಯೇ ಹೊರತು ಅದು ಕೆಡುವ ದಿನದ ದೃಷ್ಟಿಯಿಂದ ನೋಡುವುದಿಲ್ಲ.

ಬೆಂಗಳೂರಿನಲ್ಲಿ ಅದು ಕೆಡುತ್ತದೆ. ಫೈಬರ್ ಕೇಬಲ್‌ಗಳಲ್ಲಿ ಬಹಳಷ್ಟು ನೆಲದಡಿ ಹೋಗದೆ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ತೂಗುತ್ತವೆ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಕೊಂಬೆ ಬಿದ್ದಾಗ, ರಸ್ತೆ ಅಗೆದಾಗ, ಅನುಮತಿಯಿಲ್ಲದೆ ಕಂಬಕ್ಕೆ ಕಟ್ಟಿದ ಕೇಬಲ್‌ಗಳನ್ನು ಬೆಸ್ಕಾಂ ತೆರವು ಮಾಡಿದಾಗ, ರೂಟರ್‌ನ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಸ್ಪ್ಲೈಸಿಂಗ್ ಯಂತ್ರ ಹಿಡಿದು, ತುಂಡಾದ ಗಾಜಿನ ಎಳೆಯನ್ನು ಬೆಸೆಯಲು ಎಷ್ಟು ಹೊತ್ತಿಗೆ ಯಾರು ಬರುತ್ತಾರೆ? ಬಿಲ್ಲಿನ ಮೇಲಿನ ಹೆಸರು ಇದಕ್ಕೆ ಉತ್ತರವಲ್ಲ. ಬಿಎಸ್ಎನ್ಎಲ್‌ನ ಫೈಬರ್ ಸೇವೆಯನ್ನೂ ಅನೇಕ ಕಡೆ ಮನೆಗೆ ಮುಟ್ಟಿಸುವವರು ಆದಾಯ ಹಂಚಿಕೆಯ ಒಪ್ಪಂದ ಮಾಡಿಕೊಂಡ ಸ್ಥಳೀಯ ಪಾಲುದಾರರು. ಅವರಲ್ಲಿ ಎಷ್ಟೋ ಮಂದಿ ಹಿಂದೆ ಟಿವಿ ಕೇಬಲ್ ಎಳೆದ ಆಪರೇಟರ್‌ಗಳು. ಜಾಹೀರಾತಿಲ್ಲದ, ಸ್ಥಾನಪಟ್ಟಿಗಳಲ್ಲಿ ಹೆಸರು ಕಾಣದ ಈ ವರ್ಗವನ್ನು ವಿಮರ್ಶಕರು ಉದ್ದಕ್ಕೂ ಕಡೆಗಣಿಸಿದ್ದಾರೆ. ಇವರಲ್ಲಿ ಅಸಡ್ಡೆಯವರಿಲ್ಲವೆಂದಲ್ಲ, ಸಂಜೆಯ ದಟ್ಟಣೆಗೆ ಸಾಲದಷ್ಟು ಬ್ಯಾಂಡ್‌ವಿಡ್ತ್ ಕೊಳ್ಳುವವರೂ ಇದ್ದಾರೆ. ಆದರೂ ಎರಡು ಬೀದಿ ಆಚೆ ಅಂಗಡಿಯಿಟ್ಟುಕೊಂಡು, ಗ್ರಾಹಕರ ಮನೆಯನ್ನು ಗುರುತಿನಿಂದ ಬಲ್ಲ ಆಪರೇಟರ್ 100 ಎಂಬಿಪಿಎಸ್ ಮಾತ್ರ ಕೊಟ್ಟರೂ, ಟೋಲ್ ಫ್ರೀ ಸಂಖ್ಯೆಯೊಂದನ್ನು ಮಾತ್ರ ಕೊಡುವ 500 ಎಂಬಿಪಿಎಸ್‌ಗಿಂತ ಮೇಲು. ವೇಗವನ್ನಷ್ಟೇ ನೋಡಿ ಸಂಪರ್ಕ ಆರಿಸುವುದು, ನಲ್ಲಿಯ ಕೊಳವೆ ಎಷ್ಟು ದಪ್ಪವೆಂದು ಅಳೆದು, ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆಂದು ಕೇಳದೆ ಮನೆಗೆ ಅಡ್ವಾನ್ಸ್ ಕೊಟ್ಟಂತೆ.

ಹೊಸ ಬಡಾವಣೆಗೆ ಹೋಗುವವರು ಪ್ಲಾನ್‌ಗಳ ಪಟ್ಟಿಗಿಂತ ಮೊದಲು ಅದೇ ಕಟ್ಟಡದ ಅಥವಾ ಅದೇ ಕಂಬದಿಂದ ಕೇಬಲ್ ಪಡೆದ ಮನೆಯವರನ್ನು, ಕಳೆದ ಮಳೆಗಾಲದಲ್ಲಿ ನೆಟ್ ಎಷ್ಟು ಸಲ ಹೋಗಿತ್ತು, ಹೋದಾಗ ಯಾರಿಗೆ ಫೋನ್ ಮಾಡಿದಿರಿ, ಎಷ್ಟು ಹೊತ್ತಿಗೆ ಬಂದರು ಎಂದು ವಿಚಾರಿಸಬೇಕು. ದೂರು ಕೊಟ್ಟಾಗಲೆಲ್ಲ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಟ್ರಾಯ್‌ನ 2012ರ ನಿಯಮಗಳ ಪ್ರಕಾರ ಕಂಪನಿಯ ದೂರು ಕೇಂದ್ರದಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕು ಗ್ರಾಹಕರಿಗಿದೆ, ಆ ಸಂಖ್ಯೆಯಿಲ್ಲದೆ ಮೇಲ್ಮನವಿ ನಿಲ್ಲುವುದು ಕಷ್ಟ. ಹನ್ನೆರಡು ತಿಂಗಳ ಹಣವನ್ನು ಒಟ್ಟಿಗೆ ಕಟ್ಟಿದರೆ ಒಂದೆರಡು ತಿಂಗಳು ಉಚಿತವೆಂಬ ಆಮಿಷ ಎಲ್ಲ ಕಡೆಯೂ ಇದೆ. ಹೊಸ ಮನೆಯಲ್ಲಿ ಒಂದು ಮಳೆಗಾಲ ಕಳೆಯುವ ತನಕ ಓದುಗರು ತಿಂಗಳ ಪ್ಲಾನ್ ಅನ್ನೇ ಇಟ್ಟುಕೊಳ್ಳಲಿ.