ಹೊತ್ತವರ ಹೆಸರು

ಕಳೆದ ಬೇಸಿಗೆ ರಜೆಯಲ್ಲಿ ಆಪಾನ ಮನೆಗೆಂದು ದಿಂಡೋರಿಗೆ ಹೋಗಿದ್ದೆ. ನಾಸಿಕದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್, ಸುತ್ತ ದ್ರಾಕ್ಷಿ ತೋಟಗಳ ಊರು. ಆಪಾನ ಮಗ ಪದವಿ ಮುಗಿಸಿ ಮನೆಯಲ್ಲೇ ಇದ್ದ. ಒಂದು ಸಂಜೆ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. "ಖಾಲಾ, ಯುರೋಪಿನ ಒಂದು ಸಂಸ್ಥೆಯವರು ಸ್ವಯಂಸೇವಕರನ್ನು ಆಫ್ರಿಕಾಕ್ಕೆ ಕಳಿಸ್ತಾರೆ. ಬೇರೆ ಬೇರೆ ದೇಶದ ಹುಡುಗರು ಒಟ್ಟಿಗೆ ಇದ್ದು ಕೆಲಸ ಮಾಡೋದು. ನೀವು ಟೀಚರ್ ಅಲ್ವಾ, ಒಂದು ಶಿಫಾರಸು ಪತ್ರ ಬರೆದುಕೊಡಿ" ಅಂದ.

ಅವನ ಅರ್ಜಿ ಓದಿದೆ. ಒಂದೂವರೆ ಪುಟ. ಆಫ್ರಿಕಾ ಎಂಬ ಪದ ಹನ್ನೊಂದು ಸಲ ಬಂದಿತ್ತು. ಯಾವ ದೇಶ, ಯಾವ ಊರು, ಅಲ್ಲಿಯವರು ಯಾವ ಭಾಷೆ ಆಡ್ತಾರೆ ಎಂಬುದು ಒಂದು ಸಲವೂ ಬಂದಿರಲಿಲ್ಲ. ಬಡ ಮಕ್ಕಳು, ಅವರ ಕತ್ತಲೆ, ತಾನು ಒಯ್ಯುವ ಬೆಳಕು, ಇಷ್ಟೇ. ಹುಡುಗ ಒಳ್ಳೆಯವನು, ನಿಯ್ಯತ್ತಿನಲ್ಲಿ ದೋಷವಿಲ್ಲ. ಆದರೂ ಪತ್ರ ಬರೆಯಲು ಕೈ ಓಡಲಿಲ್ಲ. "ನಾಳೆ ಕೊಡ್ತೀನಿ ಬೇಟಾ" ಎಂದು ಮುಂದೂಡಿದೆ.

ಅವನನ್ನು ಬೈಯಲು ನನಗೆ ಹಕ್ಕಿರಲಿಲ್ಲ. ಡೇವಿಡ್ ಲಿವಿಂಗ್‌ಸ್ಟನ್ 1855ರಲ್ಲಿ ವಿಕ್ಟೋರಿಯಾ ಜಲಪಾತವನ್ನು "ಕಂಡುಹಿಡಿದ" ಎಂದು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಮಾಡಿದವಳು ನಾನು. ಆ ಜಲಪಾತಕ್ಕೆ ಅದಕ್ಕೂ ಮೊದಲೇ ಮೋಸಿ-ಓವಾ-ತುನ್ಯಾ ಎಂಬ ಹೆಸರಿತ್ತು, ಅಲ್ಲಿನ ಜನರೇ ಅವನನ್ನು ಅಲ್ಲಿಗೆ ಕರೆದೊಯ್ದದ್ದು ಎಂದು ಒಮ್ಮೆಯೂ ಹೇಳಿರಲಿಲ್ಲ. ಹಾಗಾಗಿ ಈ ಬರಹದ ಟೀಕೆಯಲ್ಲಿ ನನಗೂ ಒಂದು ಪಾಲಿದೆ.

ಮರುದಿನ ಬಟ್ಟೆ ಕೊಳ್ಳಲು ನಾಸಿಕಕ್ಕೆ ಹೋದೆವು. ಶರಣ್‌ಪುರ ರಸ್ತೆ, ಕೆನಡಾ ಕಾರ್ನರ್ ಎಂದರೆ ಅಲ್ಲಿ ಎಲ್ಲರಿಗೂ ಗೊತ್ತು. ಅಂಗಡಿ ಸಾಲು, ಆಸ್ಪತ್ರೆ ಫಲಕಗಳು, ಟ್ರಾಫಿಕ್ಕು. ಆದರೆ ಆ ರಸ್ತೆಗೆ ಆ ಹೆಸರು ಕೊಟ್ಟ ಶರಣ್‌ಪುರಕ್ಕೂ ಆಫ್ರಿಕಾಕ್ಕೂ ಯುರೋಪಿಗೂ ಇರುವ ನಂಟು ಎಷ್ಟು ಜನರಿಗೆ ಗೊತ್ತು? ನನ್ನ ಭಾಂಜಾ ಹುಟ್ಟಿದಾಗಿನಿಂದ ಆ ದಾರಿಯಲ್ಲೇ ಓಡಾಡಿದ್ದಾನೆ, ಅವನಿಗೂ ಗೊತ್ತಿರಲಿಲ್ಲ.

ವಿಷಯ ಇದು. 1850ರ ದಶಕದಲ್ಲಿ ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯವರು ನಾಸಿಕದ ಪಕ್ಕ ಶರಣ್‌ಪುರ ಎಂಬ ಹಳ್ಳಿ ಕಟ್ಟಿದರು. ಅದನ್ನು ನಡೆಸಿದವರು ಪಾದ್ರಿ ವಿಲಿಯಂ ಸಾಲ್ಟರ್ ಪ್ರೈಸ್. ಆ ಕಾಲಕ್ಕೆ ಬ್ರಿಟಿಷ್ ನೌಕೆಗಳು ಅರಬ್ಬೀ ಸಮುದ್ರದಲ್ಲಿ ಗುಲಾಮರನ್ನು ಸಾಗಿಸುವ ಹಾಯಿಹಡಗುಗಳನ್ನು ಹಿಡಿಯುತ್ತಿದ್ದವು. ಬಿಡುಗಡೆಯಾದ ಆಫ್ರಿಕಾದ ಮಕ್ಕಳನ್ನು ಮುಂಬಯಿಗೆ ತಂದು ಇಳಿಸುತ್ತಿದ್ದರು. ಅವರಲ್ಲಿ ಅನೇಕರನ್ನು ಶರಣ್‌ಪುರದ ಆಶ್ರಮಕ್ಕೆ ಕಳಿಸಿದರು. ಅಲ್ಲಿ ಅವರು ಓದು ಬರಹ, ಇಂಗ್ಲಿಷ್, ಬಡಗಿ ಕೆಲಸ, ಕಮ್ಮಾರಿಕೆ ಕಲಿತರು. ಇಂಗ್ಲಿಷ್ ದಾಖಲೆಗಳಲ್ಲಿ ಅವರ ಹೆಸರು "ನಾಸಿಕ್ ಹುಡುಗರು". ಮೀಸೆ ಬಂದ ಮೇಲೂ ಅವರು ಹುಡುಗರೇ!

ಇವರಲ್ಲಿ ಕೆಲವರು ಮರಳಿ ಆಫ್ರಿಕಾಕ್ಕೆ ಹೋದರು, ಯುರೋಪಿನವನೊಬ್ಬನ ಜೊತೆಗೆ. ಅವನೇ ಲಿವಿಂಗ್‌ಸ್ಟನ್. ನೈಲ್ ನದಿಯ ಮೂಲ ಹುಡುಕುವ ತನ್ನ ಕೊನೆಯ ಯಾತ್ರೆಗೆ ಅವನು ನಾಸಿಕದಿಂದ ಒಂಬತ್ತು ಜನರನ್ನು ಕರೆದೊಯ್ದ. 1866ರಲ್ಲಿ ಪೂರ್ವ ಆಫ್ರಿಕಾದ ತೀರದಲ್ಲಿ ಇಳಿದ ಅವನ ತಂಡದಲ್ಲಿ ಮುಂಬಯಿಯ ಹದಿಮೂರು ಸಿಪಾಯಿಗಳೂ ಇದ್ದರು. ಹೋದವರು ಸ್ವಂತ ಇಚ್ಛೆಯಿಂದ ಮುಂದೆ ಬಂದರು ಎಂದೇ ಆ ಕಾಲದ ಬರಹಗಳು ಹೇಳುತ್ತವೆ. ನನ್ನ ತಕರಾರು ಅಲ್ಲಿಂದಲೇ ಶುರು.

ಲಿವಿಂಗ್‌ಸ್ಟನ್‌ನ ಕೊನೆಯ ದಿನಚರಿ 1874ರಲ್ಲಿ ಲಂಡನ್ನಿನಲ್ಲಿ ಎರಡು ಸಂಪುಟಗಳಲ್ಲಿ ಬಂತು. ಸಂಪಾದಿಸಿದವರು ಅವನ ಗೆಳೆಯ ಹೊರೇಸ್ ವಾಲರ್. ಪರದೇಶಕ್ಕೆ ಹೋಗಿ ಸೇವೆ ಮಾಡಿದ ಕತೆಗಳಿಗೆ ಈ ಪುಸ್ತಕ ಒಂದು ಅಚ್ಚು. ಇವತ್ತು ಬರುವ ಸ್ವಯಂಸೇವಕರ ಅನುಭವ ಕಥನಗಳೂ ಹೆಚ್ಚಾಗಿ ಅದೇ ಅಚ್ಚಿನಲ್ಲಿ ಎರಕಗೊಂಡವು. ನಡುವೆ ಒಬ್ಬ ಯುರೋಪಿನವನು, ಅವನ ಕಾಯಿಲೆ, ಅವನ ಪ್ರಾರ್ಥನೆ, ಅವನ ಒಂಟಿತನ. ಓದುತ್ತಿದ್ದರೆ ಕಣ್ಣು ತುಂಬುತ್ತದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ "ಒಂಟಿ" ಎಂದರೆ ಏನು? ಅವನ ಪಕ್ಕದಲ್ಲಿ ಅಡುಗೆ ಮಾಡುವವರು, ಹೊರೆ ಹೊರುವವರು, ಹೊಳೆ ದಾಟುವಾಗ ಅವನನ್ನೇ ಹೆಗಲ ಮೇಲೆ ಕೂರಿಸಿಕೊಂಡವರು ಇದ್ದರು. ಹಾಗಾದರೆ ಆ ಲೆಕ್ಕದಲ್ಲಿ ಅವರು ಜನರೇ ಅಲ್ಲವೇ? ನಾಸಿಕದವರ ವಿಷಯ ಬಂದಾಗ ದಿನಚರಿಯಲ್ಲಿ ಎದ್ದು ಕಾಣುವುದು ದೂರು: ಸೋಮಾರಿಗಳು, ನಿರ್ಲಕ್ಷ್ಯ ಮಾಡುವವರು ಎಂದು. ದೂರಿನಲ್ಲಿ ನಿಜವೂ ಇರಬಹುದು. ಆದರೆ ಅವರ ಕಡೆಯ ಮಾತು ಆ ಎರಡು ಸಂಪುಟಗಳಲ್ಲಿ ನಮಗೆ ಸಿಗುವುದಿಲ್ಲ.

ವಾಲರ್ ಬರೀ ಅಚ್ಚು ಹಾಕಿಸಿದವರಲ್ಲ. ಏನನ್ನು ಇಡಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸಿ, ಗೆಳೆಯನನ್ನು ಸಂತನಂತೆ ತೋರಿಸಿದರು. ಇತಿಹಾಸಕಾರ್ತಿ ಡೊರೊಥಿ ಹೆಲಿ 1987ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ.

ಈಗ ಸಾವಿನ ನಂತರದ ಕತೆ ಕೇಳಿ. ಲಿವಿಂಗ್‌ಸ್ಟನ್ ತೀರಿಕೊಂಡದ್ದು 1873ರ ಮೇ 1ರಂದು, ಇಂದಿನ ಜಾಂಬಿಯಾದ ಚಿತಾಂಬೊ ಎಂಬಲ್ಲಿ. ಜೊತೆಗಿದ್ದವರು ಅಲ್ಲೇ ಮಣ್ಣು ಮಾಡಿ ಮನೆಗೆ ಹೋಗಬಹುದಿತ್ತು. ಯಾರೂ ಕೇಳುವವರಿರಲಿಲ್ಲ. ಅವರು ಕೂತು ಮಾತಾಡಿಕೊಂಡರು. ಹೃದಯವನ್ನು ಅಲ್ಲಿಯೇ ಮರದಡಿ ಹೂಳಿದರು. ಶವಕ್ಕೆ ಉಪ್ಪು ಹಚ್ಚಿ ಬಿಸಿಲಿಗೆ ಒಣಗಿಸಿ, ಬಟ್ಟೆ ಸುತ್ತಿ, ಮರದ ತೊಗಟೆಯಲ್ಲಿ ಕಟ್ಟಿ ಹೊತ್ತು ನಡೆದರು. ದಾರಿಯಲ್ಲಿ ಬ್ರಿಟಿಷ್ ಅಧಿಕಾರಿ ಕ್ಯಾಮರನ್ ಸಿಕ್ಕಿ, ಇಲ್ಲೇ ಹೂಳುವುದು ಒಳ್ಳೆಯದು ಎಂದ. ಅವರು ಒಪ್ಪಲಿಲ್ಲ. 1874ರ ಫೆಬ್ರವರಿಯಲ್ಲಿ ಬಾಗಮೊಯೊ ತೀರ ಮುಟ್ಟಿದಾಗ ಅವರು ಸಾವಿರ ಮೈಲಿಗೂ ಹೆಚ್ಚು ನಡೆದಿದ್ದರು. ಹತ್ತು ಮಂದಿ ದಾರಿಯಲ್ಲೇ ಸತ್ತಿದ್ದರು.

ಈ ತಂಡದ ಮುಂದಾಳುಗಳು ಸೂಸಿ ಮತ್ತು ಚೂಮಾ. ಅಬ್ದುಲ್ಲಾ ಸೂಸಿ ಮೊದಲು ಮುಂಬಯಿಯ ಹಡಗುಕಟ್ಟೆಯಲ್ಲಿ ದುಡಿದವನು, ಚೂಮಾ ಮುಂಬಯಿಯ ಮಿಷನ್ ಶಾಲೆಯಲ್ಲಿ ಓದಿದವನು. ಮರಣದ ಪ್ರಾರ್ಥನೆ ಓದಿದವನು, ಮರದ ಮೇಲೆ ಹೆಸರು, ತಾರೀಖು ಕೆತ್ತಿದವನು, ಸತ್ತವನ ಸಾಮಾನುಗಳನ್ನು ಪಟ್ಟಿ ಮಾಡಿ ಬರೆದಿಟ್ಟವನು ಜೇಕಬ್ ವೇನ್‌ರೈಟ್. ಅವನು ನಾಸಿಕದಲ್ಲಿ ಕಲಿತವನು, 1872ರಲ್ಲಿ ಬಂದು ತಂಡ ಸೇರಿದ್ದ. ಅವನ ಜೊತೆ ಸೇರಿದ ಇನ್ನೊಬ್ಬ ಮ್ಯಾಥ್ಯೂ ವೆಲಿಂಗ್ಟನ್, ಹುಟ್ಟುಹೆಸರು ಚೆಂಗ್ವಿಂಬೆ, 1935ರವರೆಗೆ ಬದುಕಿದ್ದ.

ತೀರ ಮುಟ್ಟಿದ ಮೇಲೆ ಏನಾಯಿತು? ಸಂಬಳ ಕೊಟ್ಟು ಮನೆಗೆ ಕಳಿಸಿದರು. 1874ರ ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಹೊತ್ತವರ ಪೈಕಿ ಇದ್ದವನು ವೇನ್‌ರೈಟ್ ಒಬ್ಬನೇ, ಅದೂ ಮಿಷನ್ ಖರ್ಚು ಕೊಟ್ಟದ್ದರಿಂದ. ಸೂಸಿ, ಚೂಮಾ ಇಂಗ್ಲೆಂಡ್ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಬೆಯ ಗೋರಿಗಲ್ಲು ಇವತ್ತಿಗೂ ಇದೆ. "ನಂಬಿಗಸ್ತ ಕೈಗಳು" ಅವನನ್ನು ತಂದವು ಎಂದು ಅದರ ಮೇಲೆ ಕೆತ್ತಿದ್ದಾರೆ. ಕೈಗಳಿವೆ, ಹೆಸರುಗಳಿಲ್ಲ.

ಆ "ನಂಬಿಗಸ್ತ" ಪದವನ್ನು ನಾವು ವಿಮರ್ಶಿಸಬೇಕು. ಉರ್ದುವಿನಲ್ಲಿ ವಫಾದಾರ್ ಅಂತೀವಿ. ಒಳ್ಳೆಯ ಪದವೇ, ಆದರೆ ಕುದುರೆಗೂ ಹೇಳ್ತೀವಿ, ನೌಕರನಿಗೂ ಹೇಳ್ತೀವಿ. ಚಿತಾಂಬೊದಲ್ಲಿ ಕೂತು ಮಾತಾಡಿದವರು, ಕ್ಯಾಮರನ್‌ನ ಸಲಹೆಯನ್ನು ತಳ್ಳಿಹಾಕಿದವರು ಬರೀ ವಫಾದಾರರಲ್ಲ, ಜಿಮ್ಮೇದಾರರು. ಹೊಣೆ ಹೊತ್ತವರು, ತೀರ್ಮಾನ ತೆಗೆದುಕೊಂಡವರು. ವಫಾದಾರ್ ಎಂದುಬಿಟ್ಟರೆ ಆ ತೀರ್ಮಾನ ಅವರದ್ದಲ್ಲ, ಸತ್ತ ಯಜಮಾನನ ಮಹಿಮೆ ಎಂದಾಗುತ್ತದೆ. ಪುಸ್ತಕದ ಕೊನೆಯ ಭಾಗವನ್ನು ವಾಲರ್ ಬರೆದದ್ದು ಸೂಸಿ ಮತ್ತು ಚೂಮಾ ಹೇಳಿದ್ದನ್ನು ಕೇಳಿಕೊಂಡು. ನೆನಪು ಅವರದು, ಮುಖಪುಟದ ಹೆಸರು ಬೇರೆಯವರದು.

ವೇನ್‌ರೈಟ್‌ಗೆ ಬರೆಯಲು ಬರುತ್ತಿತ್ತು. ಬರೆದ ಕೂಡ. ಶವಯಾತ್ರೆಯ ತಿಂಗಳುಗಳ ದಿನಚರಿಯನ್ನು ಇಂಗ್ಲಿಷಿನಲ್ಲಿ ಇಟ್ಟಿದ್ದ. 1874ರಲ್ಲಿ ಅದು ಅಚ್ಚಾದದ್ದು ಜರ್ಮನಿಯ ಭೂಗೋಳ ಪತ್ರಿಕೆಯೊಂದರಲ್ಲಿ, ಜರ್ಮನ್ ಅನುವಾದದಲ್ಲಿ! ಅವನ ಇಂಗ್ಲಿಷ್ ಹಸ್ತಪ್ರತಿ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಕ್ಕಿದ್ದು ನಮ್ಮ ಕಾಲದಲ್ಲಿ. ವಾಲರ್‌ನ ಸಂಪುಟಗಳು ಮಾತ್ರ ಬಂದ ದಿನದಿಂದ ಕೈಯಿಂದ ಕೈಗೆ ಹೋದವು. ವಿದ್ಯಾರ್ಥಿಗಳೇ, ಒಂದು ಕಾಲದ ಬಗ್ಗೆ ಒಂದೇ ಪುಸ್ತಕ ಓದಿ ನಿಲ್ಲಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನು "ಸ್ವಂತ ಇಚ್ಛೆ"ಯ ವಿಷಯ. ಚಿಕ್ಕಂದಿನಲ್ಲೇ ಹಿಡಿದು ಮಾರಿದ ಮಗು. ಅಮ್ಮ ಇಟ್ಟ ಹೆಸರು ಹೋಯಿತು, ಮಿಷನ್ನಿನವರು ಬೇರೆ ಹೆಸರಿಟ್ಟರು. ಊಟ, ಬಟ್ಟೆ, ಓದು ಎಲ್ಲವೂ ಅವರದೇ. ಅಂಥ ಹುಡುಗನ ಮುಂದೆ ಹೆಸರಾಂತ ದೊಡ್ಡವರು ನಿಂತು "ಯಾರು ಬರ್ತೀರಿ?" ಎಂದರೆ ಅವನು ಕೈ ಎತ್ತುವುದನ್ನು ನಾವು ಏನೆಂದು ಕರೆಯಬೇಕು? ಇಲ್ಲ ಎನ್ನಲು ಆಗದವನ ಹೌದು ಎಷ್ಟು ತೂಗುತ್ತದೆ? ಹಾಗೆಂದು ಅವರನ್ನು ಬರೀ ಬಲಿಪಶು ಎನ್ನುವುದೂ ತಪ್ಪು. ಹುಟ್ಟಿದ ನೆಲ ನೋಡುವ ಆಸೆ ಅವರಿಗೆ ಇದ್ದಿರಬಹುದು. ಹೋದ ಒಂಬತ್ತು ಜನರಲ್ಲಿ ಹೆಚ್ಚಿನವರು ದಾರಿಯಲ್ಲಿ ಬಿಟ್ಟುಹೋದರು ಅಥವಾ ಸತ್ತರು, ಗಾರ್ಡ್‌ನರ್ ಮತ್ತು ಮಬ್ರೂಕಿ ಕೊನೆಯವರೆಗೂ ಉಳಿದರು. ಬಿಟ್ಟುಹೋದದ್ದೂ ಒಂದು ಇಚ್ಛೆಯೇ ತಾನೆ.

ಮಿಷನ್ನಿನವರ ಋಣವನ್ನು ಮರೆಯಬಾರದು. ಆ ಮಕ್ಕಳ ಕೈಗೆ ಲೇಖನಿ ಕೊಟ್ಟವರು ಅವರೇ. 1875ರಲ್ಲಿ ಪ್ರೈಸ್ ಮೊಂಬಾಸಾದ ಬಳಿ ಫ್ರೆರ್‌ಟೌನ್ ಎಂಬ ಬಿಡುಗಡೆಯಾದವರ ಊರು ಕಟ್ಟಿದಾಗ ಅಲ್ಲಿ ದುಡಿದವರಲ್ಲಿ ನಾಸಿಕದಲ್ಲಿ ಕಲಿತ ಆಫ್ರಿಕನ್ನರೂ ಇದ್ದರು. ಇನ್ನೊಂದು ಮಾತನ್ನು ನಾವು, ಈ ಸಂಕಲನದ ಓದುಗರು, ನುಂಗಿಕೊಳ್ಳಬಾರದು. ಆ ಮಕ್ಕಳನ್ನು ಹಡಗಿಗೆ ತುಂಬಿದವರಲ್ಲಿ ಅರಬ್ ಮತ್ತು ಸ್ವಾಹಿಲಿ ಮುಸ್ಲಿಂ ವ್ಯಾಪಾರಿಗಳಿದ್ದರು. ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ, ಬ್ರಿಟಿಷರ ಒತ್ತಡಕ್ಕೆ. ಯುರೋಪಿನ ಪುಸ್ತಕವನ್ನು ಟೀಕಿಸುವಾಗ ಇದನ್ನು ಮುಚ್ಚಿಟ್ಟರೆ ನಾವೂ ವಾಲರ್ ಮಾಡಿದ್ದನ್ನೇ ಮಾಡಿದಂತೆ.

ನಮ್ಮ ಮನೆಗಳ ಲೆಕ್ಕವನ್ನೂ ನೋಡಿ. ನಾಸಿಕದಿಂದ ಪೂರ್ವಕ್ಕೆ ಹೋದರೆ ಛತ್ರಪತಿ ಸಂಭಾಜಿನಗರ. ಅದು 1610ರಲ್ಲಿ ಖಡ್ಕಿ ಎಂಬ ಹೆಸರಿನಲ್ಲಿ ಮಲಿಕ್ ಅಂಬರ್ ಕಟ್ಟಿದ ಊರು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖನ್ನಿಗೆ ಬಂದು ಮೊಗಲರನ್ನು ತಡೆದು ನಿಲ್ಲಿಸಿದವನು. ಅವನು ತಂದ ನೀರಿನ ನಾಲೆ, ನಹರ್-ಎ-ಅಂಬರಿ, ಇವತ್ತಿಗೂ ಆ ಊರಿನ ಹೆಮ್ಮೆ. 1626ರಲ್ಲಿ ತೀರಿಕೊಂಡ ಅವನ ಗೋರಿ ಖುಲ್ದಾಬಾದಿನಲ್ಲಿದೆ. ಅಂಬರ್ ನಮ್ಮವನು ಎಂದು ಎದೆ ತಟ್ಟಿಕೊಳ್ತೀವಿ. ಅದೇ ಬಾಯಲ್ಲಿ ಮಗು ಸ್ವಲ್ಪ ಕಪ್ಪಗಿದ್ದರೆ "ಹಬ್ಶಿ ಥರ ಇದೆ" ಅಂತೀವಿ. ನಾನು ಹಳಿಯಾಳದ ಕಡೆಯವಳು. ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಒಬ್ಬಳು ಸಿದ್ದಿ ಹುಡುಗಿ ಕೂರುತ್ತಿದ್ದಳು. ನಮ್ಮಂತೆಯೇ ನಮಾಜು, ರೋಜಾ, ನಮ್ಮದೇ ಕನ್ನಡ, ನಮ್ಮದೇ ಉರ್ದು. ಈದಿನ ದಿನ ಅವಳನ್ನು ಮನೆಗೆ ಕರೆದೆ. ಬಂದ ನೆಂಟರೊಬ್ಬರು ಆ ಪದ ಆಡಿದರು. ಅವಳು ಶೀರ್‌ಖುರ್ಮಾ ಅರ್ಧಕ್ಕೆ ಬಿಟ್ಟು ಎದ್ದಳು. ನಾನು ಏನೂ ಹೇಳಲಿಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ನಮ್ಮ ದಾವತ್ತಿನ ಸಾಲಿನಲ್ಲಿ ಸ್ಥಾನ ಸಿಕ್ಕಿದೆಯೇ ಎಂಬುದನ್ನು ನೀವೇ ನಿಮ್ಮ ಮನೆಯಲ್ಲಿ ಕೇಳಿಕೊಳ್ಳಿ.

ಹಾಗಾದರೆ ಯುರೋಪು ಮತ್ತು ಆಫ್ರಿಕಾದ ನಡುವಿನ ಇಂದಿನ ಸ್ವಯಂಸೇವೆ, ವಿನಿಮಯ ಎಲ್ಲ ಸುಳ್ಳೇ? ಅಲ್ಲ. ಹೋಗಿ ಬಂದವರ ಕಣ್ಣು ತೆರೆದದ್ದೂ ಉಂಟು. ಆದರೆ "ವಿನಿಮಯ" ಎಂದ ಮೇಲೆ ಎರಡೂ ಕಡೆಯಿಂದ ಹೋಗಬೇಕಲ್ಲ? ಜರ್ಮನ್ ಸರ್ಕಾರ 2008ರಲ್ಲಿ ವೆಲ್ಟ್‌ವೆರ್ಟ್ಸ್ ಎಂಬ ಯೋಜನೆ ಶುರು ಮಾಡಿ ತನ್ನ ಯುವಕರನ್ನು ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಕ್ಕೆ ಕಳಿಸಿತು. ಆ ದೇಶಗಳ ಯುವಕರು ಜರ್ಮನಿಗೆ ಬಂದು ಸೇವೆ ಮಾಡುವ ಭಾಗ ಸೇರಿದ್ದು ಐದು ವರ್ಷ ಕಳೆದ ಮೇಲೆ. ತಡವಾದರೂ ಸರಿ, ಅದು ನ್ಯಾಯದ ದಾರಿ. ಘಾನಾದ ಹುಡುಗಿ ಜರ್ಮನಿಯ ಮುದುಕರನ್ನು ನೋಡಿಕೊಂಡು ತನ್ನ ಅನುಭವ ಬರೆದರೆ, ಅದರಲ್ಲಿ ಯುರೋಪು ಹೇಗೆ ಕಾಣುತ್ತದೆ ಎಂದು ಓದಲು ನನಗೆ ಆಸೆ.

ಸೇವೆಯ ಯಾವುದೇ ಕಥನ ನಿಮ್ಮ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಸೇವೆ ಪಡೆದವರಿಗೆ ಇದರಲ್ಲಿ ಹೆಸರಿದೆಯೇ? ಅವರು ಬೇಡ ಎನ್ನಬಹುದಿತ್ತೇ? ಬರೆದವನು ಅವರಿಂದ ಕಲಿತದ್ದು ಏನು, ಎಲ್ಲಿ ಹೇಳಿದ್ದಾನೆ? ನನ್ನ ಭಾಂಜಾನ ಅರ್ಜಿ ಮೂರರಲ್ಲೂ ನಪಾಸಾಗಿತ್ತು.

ಆ ರಾತ್ರಿ ದಿಂಡೋರಿಯ ಮಾಳಿಗೆಯ ಮೇಲೆ ಕೂತು ಅವನಿಗೆ ವೇನ್‌ರೈಟ್‌ನ ಕತೆ ಹೇಳಿದೆ. ಸಿದ್ದಿ ಮುಬಾರಕ್ ಬಾಂಬೆಯ ಕತೆಯನ್ನೂ ಹೇಳಿದೆ. ಗುಲಾಮನಾಗಿ ಹಿಂದೂಸ್ತಾನಕ್ಕೆ ಬಂದು, ಬಿಡುಗಡೆಯಾಗಿ ಮರಳಿ, 1857ರಿಂದ ಬರ್ಟನ್, ಸ್ಪೀಕ್, ಸ್ಟ್ಯಾನ್ಲಿ, ಕ್ಯಾಮರನ್ ಎಲ್ಲರಿಗೂ ದಾರಿ ತೋರಿಸಿದ ಮನುಷ್ಯ. ಸ್ಪೀಕ್‌ಗೆ ಅರಬ್ಬಿಯೂ ಬರುತ್ತಿರಲಿಲ್ಲ, ಸ್ವಾಹಿಲಿಯೂ ಬರುತ್ತಿರಲಿಲ್ಲ. ಇಬ್ಬರೂ ಮಾತಾಡಿದ್ದು ಹಿಂದೂಸ್ತಾನಿಯಲ್ಲಿ. "ಅಂದರೆ ನಮ್ಮ ಬೋಲಿಯಲ್ಲಾ ಖಾಲಾ?" ಎಂದು ಹುಡುಗ ಎದ್ದು ಕೂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಶರಣ್‌ಪುರ ರೋಡಿನಲ್ಲಿ ಒಂದು ಬೋರ್ಡಾದರೂ ಇಲ್ಲ" ಎಂದ.

ಶಿಫಾರಸು ಪತ್ರ ಬರೆದುಕೊಟ್ಟೆ. ಆದರೆ ಒಂದು ಷರತ್ತು ಹಾಕಿದೆ: ಮೊದಲು ಅರ್ಜಿಯನ್ನು ಹೊಸದಾಗಿ ಬರೆ, ಹೋಗುವ ಊರಿನ ಹೆಸರು ಬರೆ, ಅಲ್ಲಿಯ ಭಾಷೆಯ ಹೆಸರು ಬರೆ, ನಿನಗೆ ಗೊತ್ತಿಲ್ಲದ್ದು ಏನೇನು ಅಂತಲೂ ಬರೆ. ಅವನು ಎರಡು ದಿನ ಹಿಡಿದ. ಹೊಸ ಅರ್ಜಿಯಲ್ಲಿ ಆಫ್ರಿಕಾ ಎಂಬ ಪದ ಎರಡೇ ಸಲ ಬಂದಿತ್ತು. ಆಯ್ಕೆಯ ಉತ್ತರ ಇನ್ನೂ ಬಂದಿಲ್ಲ. ನಾನು ಹಳಿಯಾಳಕ್ಕೆ ಹೋದಾಗ ನನ್ನ ಆ ಹಳೆಯ ಸಹಪಾಠಿಯ ಮನೆ ಹುಡುಕಬೇಕು ಅಂತಿದ್ದೀನಿ. ಇಪ್ಪತ್ತು ವರ್ಷ ತಡವಾಗಿದೆ.